ಬೊಲಿವಿಯಾಕ್ಕೆ ಹೋಗಲು ಆರು ಕಾರಣ

ಆ ಒಂದು ಪುಟ ಬರೆಯಲು ಪ್ರಾಚಿಗೆ ಮೂರು ದಿನ ಹಿಡಿದಿತ್ತು.

ಅದು ಎರಡು ಸಾವಿರದ ಏಳನೆಯ ಇಸವಿ. ಆಕ್ಲೆಂಡಿನ ಕನ್ನಡಿಗರ ಒಂದು ಸಣ್ಣ ಸಂಘ ಯುಗಾದಿಗೆ ಸಂಚಿಕೆ ತರುತ್ತಿತ್ತು. ಅದರಲ್ಲಿ ಪೂರ್ತಿ ಒಂದು ಪುಟವನ್ನು ಗುರುದತ್ ತಮ್ಮ ಟ್ರಾವೆಲ್ ಆಫೀಸಿಗೆಂದು ಹಿಡಿದಿದ್ದರು. ಊರಿನ ಉತ್ತರ ತುದಿಯ ಆಲ್ಬನಿಯಲ್ಲಿ, ಮಾಲ್ ಹಿಂದಿನ ರಸ್ತೆಯಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ ಪಕ್ಕ ಅವರ ಆಫೀಸು. ಜನರನ್ನು ಸಿಂಗಾಪುರದ ಮೇಲೆ ಬೆಂಗಳೂರಿಗೆ ಕಳಿಸುವುದು ಹದಿನೈದು ವರ್ಷದಿಂದ ಅವರ ವ್ಯಾಪಾರ. ಆ ವರ್ಷ ಯಾರೋ ಅವರಿಗೆ ಆಕ್ಲೆಂಡಿನಿಂದ ಚಿಲಿಗೆ ಹೋಗುವ ವಿಮಾನದಲ್ಲಿ ಸೀಟು ಖಾಲಿ ಇರುತ್ತವೆ ಎಂದು ಹೇಳಿದ್ದರು. ಚಿಲಿಯಿಂದ ಬೊಲಿವಿಯಾ ಹತ್ತಿರ. ಫಿಜಿ, ಸಿಡ್ನಿ ಎಲ್ಲರೂ ನೋಡಿ ಮುಗಿಸಿದ್ದಾರೆ, ನಮ್ಮವರು ಯಾರೂ ಹೋಗದ ದೇಶಕ್ಕೆ ಮೊದಲು ಕಳಿಸಿದವರ ಹೆಸರು ನಿಲ್ಲುತ್ತದೆ ಎಂದು ಗುರುದತ್ ಲೆಕ್ಕ ಹಾಕಿದರು. ಆಫೀಸಿನಲ್ಲಿ ಕೆಲಸಕ್ಕಿದ್ದ ಪ್ರಾಚಿ ಕನ್ನಡ ಎಂ.ಎ. ಮಾಡಿದವಳು. ಬರೆಯುವ ಕೆಲಸ ಅವಳಿಗೆ ಬಂತು.

ಪ್ರಾಚಿ ಗದಗಿನವಳು. ಗಂಡ ನಂದೀಶ ಸಿವಿಲ್ ಎಂಜಿನಿಯರ್. ತಕಾನಿನಿಯಲ್ಲಿ ಹೊಸದಾಗಿ ಏಳುತ್ತಿದ್ದ ಮನೆಗಳ ಕೆಲಸ ನೋಡಿಕೊಳ್ಳಲು ದಿನಾ ಬೆಳಿಗ್ಗೆ ಊರಿನ ಈ ತುದಿಯಿಂದ ಆ ತುದಿಗೆ ಕಾರು ಓಡಿಸುತ್ತಿದ್ದ. ಏಳು ತಿಂಗಳು ಅರ್ಜಿ ಹಾಕಿದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ ಇದು. ಬೊಲಿವಿಯಾ ಹಾಗಿರಲಿ, ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನೂ ಅವಳು ನೋಡಿರಲಿಲ್ಲ. ಲೈಬ್ರರಿಯಿಂದ ಮೂರು ಪುಸ್ತಕ ತಂದಳು, ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಓದುತ್ತಾ ಓದುತ್ತಾ ಅವಳಿಗೇ ಆಸೆ ಹತ್ತಿತು. ಆರು ಕಾರಣ ಬರೆದಳು: ಬೆಟ್ಟದ ಬಟ್ಟಲಿನೊಳಗೆ ಕಟ್ಟಿದ ಲಾಪಾಜ್ ನಗರ, ಆಕಾಶಕ್ಕೆ ಹತ್ತಿರವಾದ ಟಿಟಿಕಾಕಾ ಸರೋವರ, ಮಳೆ ಬಿದ್ದರೆ ಕನ್ನಡಿಯಾಗುವ ಉಯೂನಿಯ ಉಪ್ಪಿನ ಬಯಲು, ನೂರಾರು ಬಗೆಯ ಆಲೂಗಡ್ಡೆ ಮಾರುವ, ದುಂಡು ಟೋಪಿಯ ಹೆಂಗಸರ ಸಂತೆ, ಕಾಡಿನ ನಡುವಿನ ಹಳೆಯ ಮರದ ಇಗರ್ಜಿಗಳು, ಕೊನೆಯದಾಗಿ, ಪ್ರವಾಸಿಗಳ ನೂಕುನುಗ್ಗಲು ಇಲ್ಲದಿರುವುದು.

ಕಾರಣಗಳ ಕೆಳಗೆ ಇನ್ನೊಂದು ಪ್ಯಾರಾ ಬರೆದಿದ್ದಳು. ಲಾಪಾಜ್ ಸಮುದ್ರಮಟ್ಟಕ್ಕಿಂತ ಮೂರೂವರೆ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು, ನೇರವಾಗಿ ಹೋಗಿ ಇಳಿದರೆ ಕೆಲವರಿಗೆ ಪ್ರಾಣಕ್ಕೇ ಅಪಾಯವಾಗಬಹುದು, ವಯಸ್ಸಾದವರೂ ಉಬ್ಬಸ ಇರುವವರೂ ಡಾಕ್ಟರನ್ನು ಕೇಳಿ, ತಗ್ಗಿನ ಊರುಗಳಲ್ಲಿ ತಂಗುತ್ತಾ ನಿಧಾನವಾಗಿ ಏರಬೇಕು ಎಂದು.

ಗುರುದತ್ ಓದಿ, ಚೆನ್ನಾಗಿದೆ ಎಂದು ತಲೆಯಾಡಿಸಿ, ಕೊನೆಯ ಪ್ಯಾರಾದ ಮೇಲೆ ಕೆಂಪು ಪೆನ್ನಿನಿಂದ ಅಡ್ಡ ಗೀಟು ಎಳೆದರು.

"ನೀವು ಬರೀತಿರೋದು ಹೋಗೋದಕ್ಕೆ ಕಾರಣ. ಹೋಗದೇ ಇರೋದಕ್ಕಲ್ಲ," ಎಂದರು.

ಜನಕ್ಕೆ ಗೊತ್ತಿರಬೇಕಲ್ಲ ಸರ್ ಎಂದು ಪ್ರಾಚಿ ಒಮ್ಮೆ ಅಂದಳು. ಅದನ್ನು ಹೇಳಲು ಅವರವರ ಡಾಕ್ಟರಿದ್ದಾರೆ, ನಮ್ಮ ಕೆಲಸ ಟಿಕೆಟ್ ಮಾರುವುದು ಎಂದು ಅವರು ಹಾಳೆ ವಾಪಸು ಕೊಟ್ಟರು. ಎರಡನೆಯ ಸಲ ಅವಳು ಹೇಳಲಿಲ್ಲ. ಪುಟ ಅಚ್ಚಾಯಿತು. ಕೆಳಗೆ ದಪ್ಪಕ್ಷರದಲ್ಲಿ ಪ್ರಾಚಿ ನಂದೀಶ ಎಂದಿತ್ತು. ಒಂದು ಪ್ರತಿಯನ್ನು ಅವಳು ಗದಗಿಗೆ ಅಪ್ಪನಿಗೂ ಕಳಿಸಿದಳು.

ಆ ಪುಟ ನೋಡಿ ಟಿಕೆಟ್ ತೆಗೆದುಕೊಂಡವರು ಒಂದೇ ಜೋಡಿ: ಉದಯಶಂಕರ್ ಮತ್ತು ಲೀಲಾ. ಮೈಸೂರಿನವರು. ಆಲ್ಬನಿಯಲ್ಲಿ ಮಗ ಹರ್ಷವರ್ಧನನ ಜೊತೆ ಇದ್ದರು. ಉದಯಶಂಕರ್ ವಿದ್ಯುತ್ ಇಲಾಖೆಯಲ್ಲಿ ದೊಡ್ಡ ಎಂಜಿನಿಯರ್ ಆಗಿ ನಿವೃತ್ತರಾದವರು. ಸಂಘದ ಊಟದ ಸಾಲಿನಲ್ಲಿ ಬೇರೆಯವರು ಸಿಡ್ನಿಯ ಮಾತಾಡುತ್ತಿದ್ದರೆ ತಾನು ಲಾಪಾಜ್‌ನ ಮಾತಾಡಬೇಕೆಂಬುದು ಅವರ ಆಸೆ. ಆಗಸ್ಟ್ ಕೊನೆಯಲ್ಲಿ ಹೊರಟರು. ಚಿಲಿಯ ಸಾಂತಿಯಾಗೊ ಮುಟ್ಟಿ, ಅಲ್ಲಿಂದ ನೇರ ಲಾಪಾಜ್. ಗುರುದತ್ ಮಾಡಿಕೊಟ್ಟ ದಾರಿ ಅದು.

ಮೂರನೆಯ ದಿನ ಲೀಲಾ ಅವರಿಗೆ ಉಸಿರು ಸಿಗದಾಯಿತು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು. ಆಕ್ಸಿಜನ್ ಹಾಕಿ, ವಿಮಾನದಲ್ಲಿ ತಗ್ಗಿನ ಸಾಂತಾಕ್ರೂಸ್ ನಗರಕ್ಕೆ ಇಳಿಸಿದರು. ಮೂರು ವಾರ ಆಸ್ಪತ್ರೆ. ಅಲ್ಲಿಯವರ ಭಾಷೆ ಇವರಿಗೆ ಬಾರದು, ಇವರ ಇಂಗ್ಲಿಷು ಅವರಿಗೆ ಸಾಲದು. ಅಕ್ಟೋಬರಿನಲ್ಲಿ ವಾಪಸು ಬಂದಾಗ ಲೀಲಾ ಅವರಿಗೆ ಮನೆಯ ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ.

ಬಂದ ನಾಲ್ಕನೆಯ ದಿನ ಉದಯಶಂಕರ್ ಆಫೀಸಿಗೆ ಬಂದರು. ಪ್ರಾಚಿ ಎದ್ದು ನಿಂತು, ಬನ್ರಿ ಅಂಕಲ್, ಆಂಟಿ ಹ್ಯಾಂಗದಾರ ಎಂದು ಕೇಳಿದಳು.

"ಅಂಕಲ್ ಅನ್ನಬೇಡಿ ನನ್ನ," ಎಂದು ಅವರು ಕೋಟಿನ ಜೇಬಿನಿಂದ ಮಡಿಸಿದ ಆ ಪುಟ ತೆಗೆದು ಅವಳ ಮುಂದಿಟ್ಟರು. "ಓದಿ."

ಅವಳಿಗೆ ಅರ್ಥವಾಗಲಿಲ್ಲ. ನೀವೇ ಬರೆದದ್ದಲ್ಲವೇ, ಗಟ್ಟಿಯಾಗಿ ಓದಿ ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. ಒಬ್ಬ ಕೀವಿ ಗಿರಾಕಿ ಬಾಗಿಲು ತೆರೆದವನು ಇಬ್ಬರ ಮುಖ ನೋಡಿ ಹಾಗೆಯೇ ಹೊರಗೆ ಹೋದ. ಪ್ರಾಚಿ ಓದತೊಡಗಿದಳು. ಮೋಡದ ಮಡಿಲಲ್ಲಿ ಮಲಗಿದ ನಗರ ಎಂಬಲ್ಲಿಗೆ ಬಂದಾಗ ಅವರು ತಡೆದರು. ಆ ಮಡಿಲಲ್ಲಿ ನನ್ನ ಹೆಂಡತಿಯ ತುಟಿ, ಉಗುರು ಎಲ್ಲ ನೀಲಿಯಾಯಿತು, ಮುಂದೆ ಓದಿ ಎಂದರು. ಸರೋವರದ ಮಾತು ಬಂತು. ಅದು ಮೂರು ಗಂಟೆಯ ದಾರಿಯಲ್ಲಿತ್ತು, ಅವಳು ನೋಡಲಿಲ್ಲ, ಮುಂದೆ ಓದಿ ಎಂದರು. ಆರೂ ಕಾರಣ ಓದಿಸಿದರು. ಯುಗಾದಿಯಲ್ಲಿ ಅಷ್ಟು ಹಿಗ್ಗಿನಿಂದ ಕೂಡಿಸಿದ ಮಾತುಗಳು ಈಗ ಒಂದೊಂದೂ ಬೇರೆ ಯಾರೋ ಆಡಿದ ಸುಳ್ಳಿನ ಹಾಗೆ ಕೇಳುತ್ತಿದ್ದವು.

"ನೀವು ಅಲ್ಲಿಗೆ ಹೋಗಿದ್ದೀರಾ?"

"ಇಲ್ರಿ."

ಅಷ್ಟು ಹೊತ್ತಿಗೆ ಒಳಗಿನ ಕೋಣೆಯಿಂದ ಗುರುದತ್ ಬಂದರು. ತುಂಬಾ ಬೇಜಾರಾಯಿತು ಸರ್ ಎಂದು ಕೈ ಚಾಚಿದರು. ಉದಯಶಂಕರ್ ಕೈ ಕೊಡಲಿಲ್ಲ. ಎತ್ತರದ ಬಗ್ಗೆ ಒಂದು ಸಾಲು ಯಾಕಿಲ್ಲ ಎಂದು ಕೇಳಿದರು. ಗುರುದತ್ ಪುಟವನ್ನು ಈಗಷ್ಟೇ ಕಂಡವರ ಹಾಗೆ ತಿರುಗಿಸಿ ನೋಡಿ, ಬರೆದಿದ್ದು ಇವರು ಸರ್, ಕೆಳಗೆ ಹೆಸರೂ ಇದೆಯಲ್ಲ, ನಾನು ಪ್ರೆಸ್ಸಿಗೆ ಕಳಿಸಿದ್ದು ಅಷ್ಟೇ ಎಂದರು. ಪ್ರಾಚಿ ಅವರ ಮುಖ ನೋಡಿದಳು. ಅವರು ಇವಳ ಕಡೆ ತಿರುಗಲಿಲ್ಲ.

ಆ ಸಂಜೆ ಅವಳು ತನ್ನ ಡ್ರಾಯರಿನ ತಳದಿಂದ ಕೆಂಪು ಗೀಟಿನ ಹಾಳೆ ಹುಡುಕಿ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಬಂದಳು. ಇದನ್ನು ಅವರಿಗೆ ತೋರಿಸುತ್ತೇನೆ ಎಂದು ನಂದೀಶನಿಗೆ ಹೇಳಿದಳು.

"ಸುಮ್ನ ಕುಂದ್ರು," ಎಂದ ಅವನು. "ನಾಕ ದಿನ ಬೈತಾರ, ಮರೀತಾರ. ತೋರ್ಸಿದ್ರ ಕೆಲಸಾನೂ ಹೋಗ್ತದ, ಅವರ ಸಿಟ್ಟೂ ಹೋಗಂಗಿಲ್ಲ."

ಅವಳು ಆ ಮಾತು ಕೇಳಲಿಲ್ಲ. ಭಾನುವಾರ ಹಾಳೆ ಹಿಡಿದುಕೊಂಡು ಹರ್ಷವರ್ಧನನ ಮನೆಗೆ ನಡೆದೇ ಹೋದಳು. ಬಾಗಿಲು ತೆರೆದ ಹರ್ಷವರ್ಧನ ಬನ್ನಿ ಎನ್ನಲಿಲ್ಲ, ಪಕ್ಕಕ್ಕೆ ಸರಿದ ಅಷ್ಟೇ. ಒಳಗೆ ಕಿಟಕಿಯ ಪಕ್ಕ ಲೀಲಾ ಕಾಲ ಮೇಲೆ ಶಾಲು ಹೊದ್ದು ಕೂತಿದ್ದರು. ಅರವತ್ತೊಂದು ವರ್ಷದ ದುಂಡು ಮುಖದ ಹೆಂಗಸು ಎರಡು ತಿಂಗಳಲ್ಲಿ ಅರ್ಧ ಆಗಿದ್ದರು. ಯಾರೂ ಕೂರಲು ಹೇಳದೆ ಇದ್ದುದರಿಂದ ಪ್ರಾಚಿ ನಿಂತೇ ಇದ್ದಳು. ಹಾಳೆಯನ್ನು ಉದಯಶಂಕರ್ ಕೈಗೆ ಕೊಟ್ಟಳು.

ಅವರು ಗೀಟು ಎಳೆದ ಪ್ಯಾರಾವನ್ನು ಎರಡು ಸಲ ಓದಿದರು. ಈಗ ಈ ಮನುಷ್ಯನ ದನಿ ಇಳಿಯುತ್ತದೆ ಎಂದು ಪ್ರಾಚಿ ಕಾಯುತ್ತಿದ್ದಳು. ದನಿ ಇಳಿದದ್ದು ನಿಜ, ಆದರೆ ಅವಳು ಎಣಿಸಿದಂತಲ್ಲ.

"ಹಾಗಾದ್ರೆ ನಿಮಗೆ ಗೊತ್ತಿತ್ತು."

"ನಾ ಬರದಿದ್ದೆ. ಅವರು ತಗದ್ರು."

"ಅವನು ವ್ಯಾಪಾರಿ. ಅವನಿಗೆ ಆ ಎತ್ತರ ಅಂದ್ರೆ ಏನೂಂತಲೂ ಗೊತ್ತಿರಲಾರದು. ನೀವು ಓದಿದ್ರಿ. ಪ್ರಾಣಕ್ಕೆ ಅಪಾಯ ಅಂತ ನಿಮ್ಮ ಕೈಯಲ್ಲೇ ಬರೆದಿದ್ದೀರಿ. ಆಮೇಲೆ ಅದಿಲ್ಲದ ಪುಟದ ಕೆಳಗೆ ನಿಮ್ಮ ಹೆಸರು ಹಾಕಿಸಿಕೊಂಡ್ರಿ. ನಾವು ಟಿಕೆಟ್ಟಿಗೆ ಬಂದಾಗ ಎದುರಿಗೇ ಕೂತಿದ್ರಿ, ಕಾಫಿ ಕೊಟ್ರಿ. ಬಾಯಿ ಬಿಡಲಿಲ್ಲ."

ಕಾಫಿ ಕೊಟ್ಟದ್ದು ಪ್ರಾಚಿಗೆ ನೆನಪಾಯಿತು. ಗುರುದತ್ ಒಳಗೆ ಫೋನಿನಲ್ಲಿದ್ದರು. ಐದು ನಿಮಿಷ ಇವರಿಬ್ಬರೂ ಅವಳೊಬ್ಬಳ ಮುಂದೆ ಕೂತಿದ್ದರು. ತನ್ನನ್ನು ಬಿಡಿಸುತ್ತದೆ ಎಂದು ತಂದ ಹಾಳೆಯೇ ತನ್ನ ಮೇಲೆ ಸಾಕ್ಷಿ ಹೇಳುತ್ತಿದೆ ಎಂದು ಅವಳಿಗೆ ಹೊಳೆದದ್ದು ಆಗ.

ಇದನ್ನೆಲ್ಲ ಬರೆದು ಸಹಿ ಹಾಕಿಕೊಡಿ ಎಂದು ಉದಯಶಂಕರ್ ಬಿಳಿ ಹಾಳೆ ತಂದಿಟ್ಟರು. ಅವಳು ಊಟದ ಮೇಜಿನ ಅಂಚಿನಲ್ಲಿ ಕೂತು ಬರೆದಳು. ಯಾರು ಬರೆಯಲು ಹೇಳಿದರು, ಯಾರು ತೆಗೆದರು ಎಂಬುದನ್ನು ಬರೆದಳು. ಕೊನೆಗೆ, ಅಪಾಯವಿದೆ ಎಂಬುದು ನನಗೆ ಗೊತ್ತಿತ್ತು, ಗೊತ್ತಿದ್ದೂ ನಾನು ಇವರಿಗೆ ಹೇಳಲಿಲ್ಲ ಎಂದೂ ಬರೆದು ಸಹಿ ಮಾಡಿದಳು.

ಅವಳು ಹೊರಡುವಾಗ ಲೀಲಾ ಮೊದಲ ಸಲ ಬಾಯಿ ತೆರೆದರು. ಎರಡು ಮಾತಿಗೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು.

"ಪ್ರಾಚಿ, ನೀನು ನನ್ನ ಹತ್ರ ಕ್ಷಮೆ ಕೇಳೋಕೆ ಬಂದ್ಯಾ? ನಿನ್ನ ತಪ್ಪಲ್ಲ ಅಂತ ತೋರ್ಸೋಕೆ ಬಂದ್ಯಾ?"

ಲೀಲಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ನವೆಂಬರಿನ ಎರಡನೆಯ ಭಾನುವಾರ ಮಧ್ಯಾಹ್ನ ಒಂದು ಶಾಲೆಯ ಹಾಲಿನಲ್ಲಿ ಸಂಘದ ವಾರ್ಷಿಕ ಸಭೆ. ಗುರುದತ್ ಸಂಘದ ಕಾರ್ಯದರ್ಶಿ. ಚನ್ನಬಸಪ್ಪ ಎಂಬ ಬಾಗಲಕೋಟೆಯ ಹಿರಿಯರು ಅಧ್ಯಕ್ಷರು. ಬಿಸಿಬೇಳೆಬಾತ್, ಮೊಸರನ್ನದ ಊಟ ಮುಗಿದಿತ್ತು. ವರದಿ ಓದುವ ಮೊದಲೇ ಉದಯಶಂಕರ್ ಎದ್ದು, ತಮ್ಮದೊಂದು ವಿಷಯವಿದೆ ಎಂದು ಮೈಕಿನ ಹತ್ತಿರ ಹೋದರು. ಕೆಂಪು ಗೀಟಿನ ಹಾಳೆಯನ್ನು ಎತ್ತಿ ತೋರಿಸಿ, ಪ್ರಾಚಿಯ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅದರ ನಕಲು ಪ್ರತಿಗಳನ್ನು ಹರ್ಷವರ್ಧನ ಸಾಲು ಸಾಲಿಗೆ ಹಂಚಿದ. ಪ್ರಾಚಿಯ ಕೈಗೂ ಒಂದು ಬಂತು. ನನಗೆ ಗೊತ್ತಿತ್ತು ಎಂಬ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿದ್ದರು.

ಗುರುದತ್ ತಣ್ಣಗೇ ಮಾತಾಡಿದರು. ಇಂಥ ಹಾಳೆಗಳ ಮೇಲೆ ಯಾರು ಬೇಕಾದರೂ ಕೆಂಪು ಗೀಟು ಎಳೆಯಬಹುದು, ಈ ಹುಡುಗಿ ತನ್ನ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾಳೆ, ಕೆಲಸ ಕೊಟ್ಟದ್ದಕ್ಕೆ ಇದು ಬಹುಮಾನ ಎಂದರು. ಹಾಲಿನಲ್ಲಿ ಗುಸುಗುಸು ಎದ್ದಿತು. ಚನ್ನಬಸಪ್ಪ ಕೈಯೆತ್ತಿ ಸುಮ್ಮನಾಗಿಸಿ ಪ್ರಾಚಿಯ ಕಡೆ ನೋಡಿದರು.

"ಇದು ನೀ ಬರದದ್ದ ಹೌದೇನವಾ?"

"ಹೌದ್ರಿ."

"ಗೊತ್ತಿದ್ದ ಮ್ಯಾಲೆ ಯಾಕ ಹೇಳಲಿಲ್ಲ?"

"ಕೆಲಸ ಹೋಗ್ತದಂತ ಅಂಜಿದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಂದೀಶ ತಲೆ ತಗ್ಗಿಸಿ ಬೂಟಿನ ತುದಿ ನೋಡುತ್ತಿದ್ದ. ಪ್ರಾಚಿಯ ಪಕ್ಕದ ಕುರ್ಚಿಯ ಹೆಂಗಸು ಮಗುವನ್ನು ಎತ್ತಿಕೊಂಡು ಎರಡು ಕುರ್ಚಿ ಆಚೆ ಹೋಗಿ ಕೂತಳು. ಇಂಥವರ ಹೆಸರನ್ನು ಸಂಘದಿಂದ ತೆಗೆಯಬೇಕು, ಗುರುದತ್ ಕಾರ್ಯದರ್ಶಿ ಸ್ಥಾನ ಬಿಡಬೇಕು ಎಂದು ಉದಯಶಂಕರ್ ಬೆರಳು ಮಡಿಸಿ ಹೇಳುತ್ತಿದ್ದರು.

ಆಗ ಮುಂದಿನ ಸಾಲಿನಲ್ಲಿದ್ದ ಲೀಲಾ ಕುರ್ಚಿಯ ಬೆನ್ನು ಹಿಡಿದು ಎದ್ದರು. ಮೈಕ್ ಕೊಡಲು ಹೋದವರಿಗೆ ಬೇಡವೆಂದು ಕೈ ಆಡಿಸಿದರು.

"ನಾನು ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಭೂಗೋಳ ಹೇಳ್ಕೊಟ್ಟೋಳು," ಎಂದರು. "ಲಾಪಾಜ್ ಎಷ್ಟು ಎತ್ತರದಲ್ಲಿದೆ ಅಂತ ನನಗೆ ಈ ಹುಡುಗಿ ಹೇಳಬೇಕಾಗಿರಲಿಲ್ಲ."

ಸಾಕು ಕೂತ್ಕೋ, ನಿನಗೆ ಆಯಾಸವಾಗುತ್ತದೆ ಎಂದು ಉದಯಶಂಕರ್ ಮೈಕಿನಲ್ಲೇ ಅಂದರು. ಲೀಲಾ ಅವರ ಕಡೆ ನೋಡಲಿಲ್ಲ.

"ಟಿಕೆಟ್ ತಗೊಳ್ಳೋ ಮೊದ್ಲೇ ಇವರಿಗೆ ಹೇಳಿದೆ. ಸಾಂತಾಕ್ರೂಸಲ್ಲಿ ಇಳಿಯೋಣ, ಅರ್ಧ ಎತ್ತರದ ಕೊಚಬಾಂಬಾದಲ್ಲಿ ನಾಲ್ಕು ದಿನ ಇರೋಣ, ಆಮೇಲೆ ನಿಧಾನವಾಗಿ ಮೇಲಕ್ಕೆ ಹೋಗೋಣ. ನನಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು, ಅದೂ ಇವರಿಗೆ ಗೊತ್ತು. ನಿನ್ನ ಪಾಠ ಕ್ಲಾಸಿನಲ್ಲಿ ಇಟ್ಕೋ ಅಂದ್ರು. ಎರಡನೇ ದಿನ ತಲೆ ಸಿಡೀತಿದೆ, ಕೆಳಗೆ ಹೋಗೋಣ ಅಂದೆ. ಬುಕ್ ಮಾಡಿದ ಬಸ್ಸು ತಪ್ಪತ್ತೆ ಅಂದ್ರು."

ಅಲ್ಲಿಗೆ ನಿಲ್ಲಿಸಿ ಉಸಿರು ಎಳೆದುಕೊಂಡರು. ಯಾರೋ ನೀರಿನ ಬಾಟಲಿ ಚಾಚಿದರು, ಅವರು ತೆಗೆದುಕೊಳ್ಳಲಿಲ್ಲ.

"ಗುರುದತ್ ಒಂದು ಪ್ಯಾರಾದ ಮೇಲೆ ಗೀಟು ಎಳೆದ್ರು. ಇವರು ನನ್ನ ಮೇಲೇ ಎಳೆದ್ರು. ಹುಡುಗಿ ತಪ್ಪು ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. ಮಾಡಿದ್ದಾಳೆ. ಆದರೆ ಕಾಗದದಲ್ಲಿ ಎರಡೇ ಹೆಸರಿದೆ. ಮೂರು ಇರಬೇಕು."

ಕೂತರು. ಉದಯಶಂಕರ್ ಮೈಕಿನ ಮುಂದೆಯೇ ಇದ್ದರು. ಏನೋ ಹೇಳಲು ಬಾಯಿ ತೆರೆದರು, ಮೈಕಿನಲ್ಲಿ ಅವರ ಉಸಿರು ಮಾತ್ರ ಕೇಳಿತು. ಹರ್ಷವರ್ಧನ ಕೈಯಲ್ಲಿ ಉಳಿದಿದ್ದ ಪ್ರತಿಗಳನ್ನು ಹಂಚಬೇಕೋ ಬಿಡಬೇಕೋ ತಿಳಿಯದೆ ನಡುದಾರಿಯಲ್ಲಿ ನಿಂತಿದ್ದ. ಚನ್ನಬಸಪ್ಪ ಸಭೆಯನ್ನು ಮುಂದಕ್ಕೆ ಹಾಕಿದರು.

ಸೋಮವಾರ ಬೆಳಿಗ್ಗೆ ಪ್ರಾಚಿ ಆಫೀಸಿಗೆ ಹೋದಾಗ ಅವಳ ಸ್ವೆಟರು, ಕಾಫಿ ಕಪ್ಪು, ಡಿಕ್ಷನರಿ ಎಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಾಗಿಲ ಪಕ್ಕ ಇದ್ದವು. ಗುರುದತ್ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಅವರು ಕಾರ್ಯದರ್ಶಿ ಸ್ಥಾನ ಬಿಟ್ಟರು. ಆಫೀಸನ್ನಂತೂ ಹಾಗೆಯೇ ನಡೆಸಿಕೊಂಡು ಹೋದರು. ಜನ ಡಿಸೆಂಬರ್ ರಜೆಯ ಬೆಂಗಳೂರು ಟಿಕೆಟ್ಟಿಗೆ ಮತ್ತೆ ಅವರ ಹತ್ತಿರವೇ ಬಂದರು.

ನಂದೀಶ ಒಂದು ವಾರ ಮಾತು ಬಿಟ್ಟ. ಆಮೇಲೆ ಒಂದು ದಿನ ಊಟ ಮಾಡುತ್ತಾ, "ನಿನ್ನ ಮನಸು ಹಗುರಾತು. ನಾ ಎಲ್ಲಿ ಹೋದ್ರೂ ಮಾರಿ ಎತ್ತಲಿಕ್ಕೆ ಆಗವಲ್ದು," ಎಂದ. ಮನಸ್ಸು ಹಗುರಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಿದರೂ ಅವನು ನಂಬುತ್ತಿರಲಿಲ್ಲ. ಆ ವರ್ಷ ಯಾರ ಮನೆಯ ಸಂಕ್ರಾಂತಿಗೂ ಅವರಿಗೆ ಕರೆ ಬರಲಿಲ್ಲ.

ಲೀಲಾ ಡಿಸೆಂಬರಿನಲ್ಲಿ ದಕ್ಷಿಣ ದ್ವೀಪದ ನೆಲ್ಸನ್‌ನಲ್ಲಿದ್ದ ಮಗಳು ರಚನಾಳ ಮನೆಗೆ ಹೋದರು. ಒಂದು ತಿಂಗಳಿಗೆಂದು ಹೋದವರು ಫೆಬ್ರುವರಿಗೆ ಅಲ್ಲಿಯ ಬೇಸಿಗೆ ಮುಗಿದರೂ ಬರಲಿಲ್ಲ. ಪ್ರಾಚಿ ಹೇಗೋ ನಂಬರ್ ಸಂಪಾದಿಸಿ ಒಮ್ಮೆ ಫೋನ್ ಮಾಡಿದಳು. ಸಭೆಯಲ್ಲಿ ಎದ್ದು ಮಾತಾಡಿದ್ದಕ್ಕೆ ಕೃತಜ್ಞತೆ ಹೇಳಬೇಕೆಂದು ಎರಡು ದಿನ ಮಾತು ಜೋಡಿಸಿಕೊಂಡಿದ್ದಳು. ಲೀಲಾ ಪೂರ್ತಿ ಕೇಳಲಿಲ್ಲ.

"ನಾನು ಎದ್ದಿದ್ದು ನಿನಗೋಸ್ಕರ ಅಲ್ಲ," ಎಂದರು. "ಮದುವೆಯಾದ ನಲವತ್ತು ವರ್ಷದಲ್ಲಿ ಒಂದು ಸಲ ನನ್ನ ಮಾತನ್ನ ನಾನೇ ಆಡಬೇಕು ಅನ್ನಿಸ್ತು. ನೀನಲ್ಲಿ ಇದ್ದೆ ಅಷ್ಟೇ. ಇನ್ನು ಫೋನ್ ಮಾಡಬೇಡ."

ಫೋನ್ ಇಟ್ಟ ಮೇಲೆ ಪ್ರಾಚಿ ಅಡುಗೆಮನೆಯ ಕಟ್ಟೆಗೆ ಒರಗಿ ಬಹಳ ಹೊತ್ತು ಅತ್ತಳು. ಲೀಲಾ ಆಂಟಿ ತನ್ನನ್ನು ಕ್ಷಮಿಸಿಲ್ಲ ಎಂಬುದಕ್ಕಿಂತ, ಕ್ಷಮಿಸಲಿ ಎಂದು ತಾನು ಇಷ್ಟು ದಿನ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ ಎಂಬುದು ಅವಳಿಗೆ ಹೆಚ್ಚು ನಾಚಿಕೆ ತಂದಿತು.

ಫೆಬ್ರುವರಿಯಲ್ಲಿ ಅವಳಿಗೆ ನಗರದ ಒಂದು ಪುಸ್ತಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬಸ್ಸುಗಳಿಗೆಂದೇ ಹೊಸದಾಗಿ ಆದ ದಾರಿ ಇತ್ತು. ಆಲ್ಬನಿ ನಿಲ್ದಾಣದಿಂದ ಹತ್ತಿದರೆ ಟ್ರಾಫಿಕ್ ತಾಗದೆ ನಗರ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಿಲ್ದಾಣದ ಬೆಂಚಿನಲ್ಲಿ ಉದಯಶಂಕರ್ ಒಬ್ಬರೇ ಕೂತಿದ್ದರು. ಕೂದಲು ಕಿವಿ ಮುಚ್ಚುವಷ್ಟು ಬೆಳೆದಿತ್ತು, ಸ್ವೆಟರಿನ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದರು. ಅವಳು ದೂರದಲ್ಲೇ ನಿಂತಳು. ಅವರು ನೋಡಿದರು. ಎದ್ದು ಹೋಗುತ್ತಾರೆ ಎಂದುಕೊಂಡಳು, ಹೋಗಲಿಲ್ಲ.

"ಲೀಲಾ ನಿಮ್ಮ ಹತ್ರ ಮಾತಾಡ್ತಾಳಾ?" ಎಂದು ಕೇಳಿದರು.

"ಇಲ್ರಿ."

"ನನ್ನ ಹತ್ರಾನೂ ಇಲ್ಲ. ರಚನಾ ಫೋನ್ ಎತ್ತಿ, ಅಮ್ಮ ಮಲಗಿದ್ದಾರೆ ಅಂತಾಳೆ. ಹಗಲು ಹನ್ನೊಂದು ಗಂಟೆಗೆ."

ಅವರ ಮುಖ ಮತ್ತೆ ಬಿಗಿಯಿತು.

"ನಾನು ನಿಮ್ಮನ್ನ ಕ್ಷಮಿಸಿಲ್ಲ. ಅದು ನಿಮಗೆ ಗೊತ್ತಿರಲಿ."

"ಕ್ಷಮಿಸ್ರಿ ಅಂತ ನಾ ಕೇಳಂಗಿಲ್ರಿ," ಎಂದಳು ಅವಳು. "ನಾನೂ ನಿಮ್ಮನ್ನ ಕ್ಷಮಿಸಿಲ್ಲ. ಆ ಸಾಲಿನ ಕೆಳಗ ಸ್ಕೇಲ್ ಇಟ್ಟು ಗೆರಿ ಎಳದ್ರಲ್ಲ, ಆವಾಗೂ, ಟಿಕೆಟ್ ತಗೊಳ್ಳೂ ಮೊದಲ ಆಂಟಿ ಹೇಳಿದ್ದು ನಿಮಗ ನೆನಪ ಇತ್ತು."

ಬಸ್ಸು ಬಂತು. ಉದಯಶಂಕರ್ ಮೊದಲು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಪ್ರಾಚಿ ಅವರನ್ನು ದಾಟಿ ಕಡೆಯ ಸಾಲಿಗೆ ಹೋದಳು. ಸಮುದ್ರ ದಾಟಿ ನಗರಕ್ಕೆ ಹೋಗುವ ಸೇತುವೆ ಬರುವವರೆಗೆ ಅವರ ಬಿಳಿ ತಲೆ ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ಸೇತುವೆಯ ಮೇಲೆ ಅವಳು ಕಿಟಕಿಯ ಹೊರಗೆ ನೋಡತೊಡಗಿದಳು, ಅವರು ಯಾವ ಸ್ಟಾಪಿನಲ್ಲಿ ಇಳಿದರೋ ಗಮನಿಸಲಿಲ್ಲ.